ಬತ್ತಿ ಹಚ್ಚದ ದಿನ

ಅಲಾಜಾನಿ ಹೊಳೆಯ ಈ ದಡದಲ್ಲಿ ನಾವು
ದ್ರಾಕ್ಷಾರಸವನ್ನು ನೆಲದಲ್ಲಿ ಹೂಳುತ್ತೇವೆ, ಸತ್ತವರ ಹಾಗೆ.
ಆಳೆತ್ತರ ಮೀರಿದ ಮಣ್ಣಿನ ಗುಡಾಣ,
ಕತ್ತಿನವರೆಗೂ ಹೂತದ್ದು,
ಬಾಯಿ ಮಾತ್ರ ಹೊರಗೆ.

ವಸಂತದಲ್ಲಿ ರಸವೆಲ್ಲ ಮೊಗೆದಾದ ಮೇಲೆ
ತಳದಲ್ಲಿ ಉಳಿಯುತ್ತದೆ
ಸಿಪ್ಪೆ, ಬೀಜ, ಹುಳಿ ಹಿಡಿದ ಕಪ್ಪು ಗಸಿ.
ಮೇಲಿನಿಂದ ಎಷ್ಟು ನೀರು ಸುರಿದರೂ ಹೋಗದು.
ಗುಡಾಣ ತನ್ನನ್ನು ತಾನೇ ತೊಳೆದುಕೊಂಡದ್ದನ್ನು
ನನ್ನ ಎಪ್ಪತ್ತೊಂದು ವರ್ಷದಲ್ಲಿ ನಾನು ಕಂಡಿಲ್ಲ.
ಯಾರಾದರೂ ಇಳಿಯಬೇಕು,
ಚೆರ್ರಿ ತೊಗಟೆಯ ಕುಂಚ ಹಿಡಿದು, ಬರಿಮೈಯಲ್ಲಿ.

ಇಳಿಯುವ ಮುನ್ನ ಮೇಣದ ಬತ್ತಿ ಹಚ್ಚಿ
ದಾರಕ್ಕೆ ಕಟ್ಟಿ ಒಳಗೆ ಬಿಡುವುದು ವಾಡಿಕೆ.
ಬತ್ತಿ ಆರಿದರೆ ಅಲ್ಲಿ ಉಸಿರಿಲ್ಲ ಎಂದರ್ಥ.
ಆ ದಿನ ನಾನು ಹಚ್ಚಲಿಲ್ಲ.
ಬತ್ತಿಗೆ ಎರಡು ಕಾಸು.
ನಾನು ಇಲಾರಿಯೋನ್, ಎರಡು ಕಾಸು ಉಳಿಸುವವನು,
ಅಂಬ್ರೋಸಿಯ ತೋಟದ ಗಡಿಗಲ್ಲನ್ನು
ವರ್ಷಕ್ಕೊಂದು ಗೇಣು, ವರ್ಷಕ್ಕೊಂದು ಗೇಣು
ಏಳು ವರ್ಷ ಸರಿಸಿದವನು.
ರಾತ್ರಿ ಹೊತ್ತು. ಕಲ್ಲಿಗೆ ಗೋಣಿ ಸುತ್ತಿ, ಸದ್ದಾಗದಂತೆ.
ಭಾನುವಾರ ಅದೇ ಕೈಯಲ್ಲಿ ಎದೆಯ ಮೇಲೆ ಶಿಲುಬೆಯ ಗುರುತು.

ಗುಡಾಣದೊಳಗೆ ಮೊದಲು ಬಂದದ್ದು ನಿದ್ದೆ,
ಹೆದರಿಕೆಯಲ್ಲ. ಇದನ್ನೇ ಹೇಳಬೇಕೆಂದಿದ್ದೆ ಇಷ್ಟು ವರ್ಷ:
ಮುಳುಗುವವನಿಗೆ ಮುಳುಗುತ್ತಿದ್ದೇನೆ ಅನ್ನಿಸುವುದೇ ಇಲ್ಲ.
ಬೆಚ್ಚಗಿತ್ತು. ಸಿಹಿ ವಾಸನೆ.
ತಲೆಯ ಮೇಲೆ ರೊಟ್ಟಿಯಗಲ ಆಕಾಶ,
ದೂರ ಹೋದರೆ ಹೋಗಲಿ ಎನಿಸಿತು.

ಅಂಬ್ರೋಸಿ ಬಂದದ್ದು ಜಗಳಕ್ಕೆ.
ಕಲ್ಲಿನ ಕತೆ ಅವನಿಗೆ ಗೊತ್ತಾಗಿತ್ತು;
ದಾರಿಯುದ್ದಕ್ಕೂ ಬೈಗುಳ ಮಸೆದುಕೊಂಡೇ ಬಂದಿದ್ದನಂತೆ,
ಕೇಳಿಸಿಕೊಳ್ಳಲು ಕತ್ತೆ ಮಾತ್ರ.
ನನ್ನ ನಾಯಿ ಬೊಗಳುವ ಕಡೆ ಬಗ್ಗಿ ನೋಡಿದ.
ನೋಡಿ ಸುಮ್ಮನೆ ಹೋಗಬಹುದಿತ್ತು.
ಏಳು ಗೇಣು ನೆಲ ತಾನಾಗಿ ಮರಳುತ್ತಿತ್ತು.

ಮೊದಲು ಹಗ್ಗ ಬಿಟ್ಟನಂತೆ. ಹೆಸರು ಹಿಡಿದು ಕೂಗಿದನಂತೆ.
ನಮ್ಮ ಪಾದ್ರಿ ಸೆರಾಪಿಯೋನ್ ಉಪವಾಸದ ದಿನಗಳಲ್ಲಿ ಹೇಳುತ್ತಿದ್ದರು:
ದೇವರು ಹಗ್ಗ ಬಿಡುತ್ತಾನೆ, ಹಿಡಿದುಕೊಳ್ಳಿ.
ಒಳ್ಳೆಯ ಮಾತೇ. ಆದರೆ ಹಿಡಿಯುವ ಕೈಗೆ
ಎಚ್ಚರವಿರಬೇಕಲ್ಲ?
ನನ್ನ ಕೈ ಗಸಿಯಲ್ಲಿ ಬಿದ್ದಿತ್ತು, ಗಸಿಯಾಗಿ.
ಹಗ್ಗ ನನ್ನ ಮುಖ ಸವರಿ ಹೋಯಿತು.

ಆಗ ಅವನು ಉಸಿರು ಕಟ್ಟಿ ಇಳಿದ.

ನನ್ನ ಕಂಕುಳಿಗೆ ಗಂಟು ಹಾಕಿ, ಏಣಿ ಹತ್ತಿ,
ಹಗ್ಗದ ಇನ್ನೊಂದು ತುದಿ ಕತ್ತೆಗೆ ಕಟ್ಟಿದ.
ನನ್ನನ್ನು ಬೆಳಕಿಗೆ ಎಳೆದದ್ದು ಕತ್ತೆ;
ಅದೂ ನನ್ನ ಯೋಗ್ಯತೆ ಕೇಳಲಿಲ್ಲ.

ಕಣ್ಣು ಬಿಟ್ಟಾಗ ಅವನು ಪಕ್ಕದಲ್ಲಿ ಕಾರಿಕೊಳ್ಳುತ್ತಿದ್ದ,
ಮೊಣಕಾಲವರೆಗೂ ನನ್ನ ಗುಡಾಣದ ಕೊಳೆ.
ನಾನು ಕಲ್ಲಿನ ಮಾತೆತ್ತಿದೆ.
"ಬಾಯಿ ಮುಚ್ಚು, ಉಸಿರಾಡು" ಎಂದ.

ಕಲ್ಲನ್ನು ಹಿಂದಿಟ್ಟೆ. ಹೌದು. ಹಾಡುಹಗಲಲ್ಲಿ,
ಏಳು ಗೇಣಲ್ಲ, ಎಂಟು.
ಎಂಟನೆಯದನ್ನು ಅವನು ಮಾರನೇ ದಿನವೇ
ಕಾಲಿನಿಂದ ಒತ್ತಿ ನನ್ನ ಕಡೆಗೆ ಹಿಂದಿರುಗಿಸಿದ.

ಊರಿನವರು ಇದನ್ನು ತಲೆಕೆಳಗು ಮಾಡಿ ಹೇಳುತ್ತಾರೆ:
ಇಲಾರಿಯೋನ್ ಕಲ್ಲು ಹಿಂದಿಟ್ಟ, ಅದಕ್ಕೇ ದೇವರು ಉಳಿಸಿದ.
ಮೊಮ್ಮಕ್ಕಳೇ, ಹಿಂದುಮುಂದು ಮಾಡಬೇಡಿ.
ಕಲ್ಲು ಆಮೇಲೆ.
ಅವನು ಇಳಿದಾಗ ಅದು
ನಾನು ಕದ್ದಿಟ್ಟ ಜಾಗದಲ್ಲೇ ಇತ್ತು.

ಈಸ್ಟರ್ ಬೆಳಗಿನಲ್ಲಿ ಪಾದ್ರಿ
ಚಮಚದಲ್ಲಿ ರಸ ಕೊಡುವಾಗ
ಎರಡೂ ಕೈ ಎದೆಗೆ ಮಡಚಿ ಬಾಯಿ ತೆರೆಯುತ್ತೇನೆ.
ಯಾವ ಗುಡಾಣದ್ದೋ, ಯಾರು ಇಳಿದು ತೊಳೆದದ್ದೋ.
ಸಾಲಿನಲ್ಲಿ ಹಿಂದೆ ಅಂಬ್ರೋಸಿಯ ಕೆಮ್ಮು,
ಆ ದಿನ ಹಿಡಿದದ್ದು ಇನ್ನೂ ಬಿಟ್ಟಿಲ್ಲ.
ಕಾಸು ಕಾಸು ಎಣಿಸುವ ನನಗೆ
ಅದರ ಲೆಕ್ಕ ಮಾತ್ರ ಸಿಕ್ಕಿಲ್ಲ.

ಹೊರಬರುವಾಗ ಬಾಗಿಲ ಬಳಿಯ ಮುದುಕಿಯಿಂದ
ಎರಡು ಬತ್ತಿ ಕೊಳ್ಳುತ್ತೇನೆ.
ಚಿಲ್ಲರೆ ಕೇಳುವುದಿಲ್ಲ.